ಬೇರು ಯಾರದು, ಘಮ ಯಾರದು?

ನಮ್ಮ ಜರಗನಹಳ್ಳಿಯಲ್ಲಿ ಕನಕಪುರ ರಸ್ತೆ ಪಕ್ಕಕ್ಕೆ ಬೆಂಗಳೂರು ನೀಲಿ ದ್ರಾಕ್ಷಿಯ ತಳ್ಳುಗಾಡಿ ಬಂತು ಅಂದ್ರೆ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತೆ. ಆ ಘಮದ ಹಿಂದಿರೋದು ಮೀಥೈಲ್ ಆಂಥ್ರನಿಲೇಟ್, ಅಮೆರಿಕದ ಲಬ್ರುಸ್ಕಾ ದ್ರಾಕ್ಷಿಯ ಬಳುವಳಿ. 2013ರಲ್ಲಿ ಈ ತಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ವೈನ್ ಪಂಡಿತರು ‘ನರಿ ವಾಸನೆ’ ಅಂತ ಮೂಗು ಮುರೀತಾರೆ. ಮುರೀಲಿ ಬಿಡಿ :)

ನನ್ನ ತಕರಾರು ಆ ಪಂಡಿತರು ಮೆಚ್ಚುವ ದ್ರಾಕ್ಷಿಯ ಬಗ್ಗೆ. ನಂದಿಬೆಟ್ಟದ ಆಸುಪಾಸು, ವಿಜಯಪುರದ ಕಡೆ ಕ್ಯಾಬರ್ನೆ, ಶಿರಾಜ್ ಬೆಳೀತಾರಲ್ಲ, ಅವು ಸಾಮಾನ್ಯವಾಗಿ ಕಸಿ ಬಳ್ಳಿಗಳು. ಬಾಟಲಿ ಮೇಲೆ ತಳಿ ಇರುತ್ತೆ, ಊರು ಇರುತ್ತೆ, ವರ್ಷ ಇರುತ್ತೆ. ಬೇರಿನ ಸುದ್ದಿಯೇ ಇಲ್ಲ!

ನಾಟಿ ಮಾವಿನ ಸಸಿಗೆ ಮಲ್ಲಿಕಾ ಕಸಿ ಕಟ್ಟಿದರೆ ಬರೋದು ಮಲ್ಲಿಕಾನೇ ಅಲ್ವಾ, ಬೇರಿನಿಂದೇನಾಗುತ್ತೆ ಅಂತೀರಾ? ಅರ್ಧ ನಿಜ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಾಕ್ಸೆರಾ ಹೇನು ಫ್ರಾನ್ಸಿನ ತೋಟಗಳನ್ನು ತಿಂದು ಹಾಕಿದಾಗ ಅಮೆರಿಕದ ಬೇರಿಗೆ ಕಸಿ ಕಟ್ಟದೆ ಬೇರೆ ದಾರಿ ಇರಲಿಲ್ಲ. ನರಿ ವಾಸನೆ ಬೇರಿನಿಂದ ಮೇಲೆ ಹತ್ತಿಬಿಡುತ್ತೆ ಅಂತ ಹೆದರಿದವರಿದ್ದರು. ಹತ್ತಲಿಲ್ಲ. ಘಮ ತಯಾರಾಗೋದು ಹಣ್ಣಿನಲ್ಲೇ. ಆದರೆ ಮೇಲಕ್ಕೆ ಎಷ್ಟು ನೀರು, ಎಷ್ಟು ಸಾರಜನಕ, ಎಷ್ಟು ಪೊಟ್ಯಾಶ್ ಹೋಗುತ್ತೆ ಅನ್ನೋದರಲ್ಲಿ ಬೇರಿನ ಕೈ ದೊಡ್ಡದು.

ನಮ್ಮ ಕಡೆ ದ್ರಾಕ್ಷಿ ತೋಟಗಳಲ್ಲಿ ತುಂಬಾ ವರ್ಷಗಳಿಂದ ನಡೆದುಬಂದಿರೋದು ಡಾಗ್‌ರಿಜ್, ಟೆಕ್ಸಾಸ್ ಮೂಲದ ಬೇರು. ಬರಕ್ಕೆ ಜಗ್ಗಲ್ಲ, ಉಪ್ಪುನೀರಿಗೆ ಜಗ್ಗಲ್ಲ. ತಿನ್ನೋ ದ್ರಾಕ್ಷಿಗೆ ಬಂಗಾರದಂಥಾದ್ದು. ಆದರೆ ಅದಕ್ಕೆ ಸೊಕ್ಕು ಜಾಸ್ತಿ. ಬಳ್ಳಿ ಎಲೆ ಮೇಲೆ ಎಲೆ ಹಾಕಿ ಗೊಂಚಲಿಗೆ ನೆರಳು ಕವಿಯುತ್ತೆ. ಕ್ಯಾಬರ್ನೆಯಲ್ಲಿ ದೊಣ್ಣೆಮೆಣಸಿನಕಾಯಿ ವಾಸನೆ ಕೊಡೋ ಪೈರಜೀನ್‌ಗಳು ಹಣ್ಣಾಗ್ತಾ, ಬಿಸಿಲು ಬಿದ್ದಷ್ಟೂ ಕಮ್ಮಿಯಾಗಬೇಕು. ನೆರಳಲ್ಲಿ ಹಾಗೇ ಉಳಿದುಬಿಡ್ತವೆ. ಜೊತೆಗೆ ಈ ಬೇರು ಪೊಟ್ಯಾಶ್ ಸಿಕ್ಕಾಪಟ್ಟೆ ಹೀರುತ್ತೆ, ರಸದ ಹುಳಿ ಇಳಿಯುತ್ತೆ, ವೈನ್ ಸಪ್ಪೆ. ಎಲೆ ಕೀಳಿ, ಚಿಗುರು ಸವರಿ ಅಂತಾರೆ, ನಿಜ. ಕೂಲಿ ಯಾರು ಕೊಡ್ತಾರೆ?

ರೈತರನ್ನು ಬೈಯೋಕಾಗಲ್ಲ. ಕೊಳವೆಬಾವಿ ಬತ್ತುತ್ತಿರುವಾಗ ಬಳ್ಳಿ ಉಳಿದರೆ ಸಾಕು ಅನ್ನೋದು ನ್ಯಾಯ. ಸಮಸ್ಯೆ ಏನಂದ್ರೆ, ಒಮ್ಮೆ ನೆಟ್ಟ ಬೇರು ಹದಿನೈದು ವರ್ಷಕ್ಕೂ ಮೀರಿ ಅಲ್ಲೇ ಇರುತ್ತೆ. ಮೇಲಿನ ತಳಿ ಬದಲಿಸಬಹುದು, ಬೇರು ಬದಲಿಸೋಕೆ ತೋಟವನ್ನೇ ಕೀಳಬೇಕು. 2007ರಲ್ಲಿ ರಾಜ್ಯ ಸರಕಾರ ವೈನ್ ನೀತಿ ತಂದಿತು, ವೈನ್ ಮಂಡಳಿಯೂ ಆಯ್ತು. ರೈತರಿಗೆ ನಿಜವಾದ ಸಹಾಯ ಅಂದ್ರೆ ನನ್ನ ಪ್ರಕಾರ ಇಷ್ಟು: ಒಂದೇ ಹೊಲದಲ್ಲಿ ಒಂದು ಸಾಲು ಡಾಗ್‌ರಿಜ್, ಪಕ್ಕದ ಸಾಲು ಬರ ತಡೆದೂ ಅಷ್ಟು ಸೊಕ್ಕಿಲ್ಲದ 110 ಆರ್. ಎರಡರ ವೈನೂ ಬೇರೆ ಬೇರೆ ಮಾಡಿ, ಬೆಳೆದವರ ಮೂಗಿಗೇ ಹಿಡಿಯೋದು. ಘಮಕ್ಕೆ ಎರಡು ಕಾಸು ಹೆಚ್ಚು ಸಿಗುತ್ತೆ ಅಂತ ಖಾತ್ರಿಯಾದರೆ ಮುಂದಿನ ತೋಟಕ್ಕೆ ಬೇರು ಅವರೇ ಆರಿಸ್ಕೋತಾರೆ.

ದೇವನಹಳ್ಳಿ, ದೊಡ್ಡಬಳ್ಳಾಪುರ, ವಿಜಯಪುರ ಕಡೆ ತೋಟದ ನಂಟಿರೋರು ನಿಮ್ಮಲ್ಲಿ ಯಾರಾದ್ರೂ ಇದೀರಾ? ನಿಮ್ಮ ಬಳ್ಳಿಯ ಬೇರಿನ ಹೆಸರೇನು?