ಮಹಾಧಮನಿಯ ಸೀಳು

ಹೃದಯದಿಂದ ಹೊರಟು, ಮೊದಲು ಮೇಲೇರಿ, ಊರುಗೋಲಿನ ಹಿಡಿಯಂತೆ ಬಾಗಿ, ಬೆನ್ನೆಲುಬಿನ ಮಗ್ಗುಲಲ್ಲಿ ಹೊಟ್ಟೆಯವರೆಗೂ ಇಳಿಯುವ ಹಿರಿಯ ರಕ್ತನಾಳವೇ ಮಹಾಧಮನಿ. ಇದರ ಗೋಡೆಗೆ ಮೂರು ಪದರಗಳುಂಟು. ಒಳಪದರವು ಹರಿದರೆ ರಕ್ತವು ನಡುಪದರಕ್ಕೆ ನುಗ್ಗಿ, ಪದರಗಳನ್ನು ಬಿಡಿಸುತ್ತ, ತನಗೊಂದು ಕಳ್ಳದಾರಿಯನ್ನು ಮಾಡಿಕೊಳ್ಳುವುದು. 1760ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಜಾರ್ಜನು ಹಠಾತ್ತನೆ ಮೃತನಾದಾಗ, ಶವಪರೀಕ್ಷೆ ಮಾಡಿದ ವೈದ್ಯ ನಿಕೋಲ್ಸನು ಈ ನಾಳದಲ್ಲಿ ಸೀಳನ್ನೂ ಹೃದಯದ ಸುತ್ತಣ ಚೀಲದಲ್ಲಿ ತುಂಬಿದ್ದ ರಕ್ತವನ್ನೂ ಕಂಡನು.

ಇಂತಹ ಘೋರವ್ಯಾಧಿಯ ಮುಂದೆ ವರ್ಗವಿಭಾಗದ ಮಾತೇಕೆ, ಅದು ಪಂಡಿತರ ಕಾಲಹರಣವಲ್ಲವೇ ಎಂದು ವಾಚಕರು ಕೇಳಬಹುದು. ನಾವು ಬಹುಕಾಲ ಬಾಲಕರಿಗೆ ಸಮಾಸಪ್ರಕರಣವನ್ನು ಬೋಧಿಸಿದವರು. ತತ್ಪುರುಷವನ್ನು ಬಹುವ್ರೀಹಿಯೆಂದು ಬರೆದವನಿಗೆ ಒಂದು ಅಂಕವು ಹೋಗುತ್ತಿದ್ದಿತೇ ಹೊರತು ಪ್ರಾಣವು ಹೋಗುತ್ತಿರಲಿಲ್ಲ. ಇಲ್ಲಿ ಹಾಗಲ್ಲ.

ಅಮೆರಿಕದ ಶಸ್ತ್ರವೈದ್ಯರಾದ ಮೈಕೇಲ್ ಡಿಬೇಕಿಯವರು 1965ರಲ್ಲಿ, ಸೀಳು ಎಲ್ಲಿ ಮೊದಲಾಗಿ ಎಲ್ಲಿಯವರೆಗೆ ಹಬ್ಬಿದೆಯೆಂಬುದನ್ನು ನೋಡಿ ಮೂರು ವರ್ಗಗಳನ್ನು ಮಾಡಿದರು. 1970ರಲ್ಲಿ ಸ್ಟ್ಯಾನ್‌ಫರ್ಡಿನ ವೈದ್ಯರು ಅದನ್ನು ಒಂದೇ ಪ್ರಶ್ನೆಗೆ ಇಳಿಸಿದರು: ಹೃದಯಕ್ಕೆ ಹತ್ತಿದ ಮೇಲೇರುವ ಭಾಗವು ಸೀಳಿದೆಯೋ, ಇಲ್ಲವೋ? ಸೀಳಿದ್ದರೆ 'ಎ', ಇಲ್ಲವಾದರೆ 'ಬಿ'. ಸೂತ್ರಕಾರರು ಮೆಚ್ಚುವಂತಹ ಲಾಘವವಿದು.

'ಎ' ವರ್ಗದಲ್ಲಿ ರಕ್ತವು ಹೃದಯದ ಚೀಲಕ್ಕೆ ಒಡೆದು ಬರಬಹುದು, ಕವಾಟವು ಸಡಿಲಬಹುದು, ಹೃದಯವನ್ನೇ ಪೋಷಿಸುವ ನಾಳಗಳು ಮುಚ್ಚಬಹುದು. ಚಿಕಿತ್ಸೆಯಿಲ್ಲದಿದ್ದರೆ ಮೊದಲ ಎರಡು ದಿನಗಳಲ್ಲಿ ಗಂಟೆಗೆ ನೂರಕ್ಕೆ ಒಬ್ಬಿಬ್ಬರಂತೆ ಸಾಯುವರೆಂದು ವೈದ್ಯಗ್ರಂಥಗಳಲ್ಲಿ ಬಹುಕಾಲದಿಂದ ಬಂದ ಲೆಕ್ಕ. ಆದುದರಿಂದ ಕೂಡಲೇ ಎದೆಯನ್ನು ತೆರೆದು, ಹರಿದ ಭಾಗಕ್ಕೆ ಬದಲಾಗಿ ಕೃತಕ ನೂಲಿನ ಕೊಳವೆಯನ್ನು ಹೊಲಿಯಬೇಕು. 'ಬಿ' ವರ್ಗದವರಿಗಾದರೋ ಸಾಮಾನ್ಯವಾಗಿ ಔಷಧವೇ ಮೇಲು. ನಾಡಿಯನ್ನು ನಿಮಿಷಕ್ಕೆ 60ರ ಆಸುಪಾಸಿಗೂ, ರಕ್ತದೊತ್ತಡದ ಮೇಲಿನ ಅಂಕೆಯನ್ನು 120ಕ್ಕಿಂತ ಕೆಳಕ್ಕೂ ಇಳಿಸುವರು. ಹೃದಯದ ಒಂದೊಂದು ಬಡಿತವೂ ಹರಿದ ಅಂಚಿಗೆ ಹೊಡೆತವಷ್ಟೆ. ನಾಳವು ಒಡೆಯುವಂತಿದ್ದರೆ, ಅಥವಾ ಕರುಳು, ಮೂತ್ರಪಿಂಡ, ಕಾಲುಗಳಿಗೆ ರಕ್ತವು ತಪ್ಪಿದರೆ ಮಾತ್ರ, ತೊಡೆಯ ಸಂದಿನ ನಾಳದ ಮೂಲಕ ಹೊದಿಕೆಯುಳ್ಳ ಸ್ಟೆಂಟನ್ನು ಒಳಗಿಡುವುದುಂಟು. ಬಾಗಿದ ಭಾಗದಲ್ಲಷ್ಟೇ ಸೀಳಿದ್ದರೆ ಯಾವ ವರ್ಗವೆಂಬ ಚರ್ಚೆಯು ವೈದ್ಯರಲ್ಲಿ ಇನ್ನೂ ನಡೆದಿದೆ.

ವಿಧಿವಿಲಾಸವನ್ನು ನೋಡಿರಿ: 2005ರ ಡಿಸೆಂಬರ್ 31ರಂದು, 97ರ ವಯಸ್ಸಿನ ಡಿಬೇಕಿಯವರಿಗೇ ಈ ನೋವು ಬಂದಿತು. ಅವರದು ಅವರೇ ಹೇಳಿದ್ದ ಎರಡನೆಯ ವರ್ಗ. ಶಸ್ತ್ರಚಿಕಿತ್ಸೆಯನ್ನು ಅವರು ಮೊದಲು ಒಲ್ಲೆನೆಂದರು. ಪ್ರಜ್ಞೆ ತಪ್ಪಿದ ಮೇಲೆ, ಪತ್ನಿಯು ಪಟ್ಟುಹಿಡಿದುದರಿಂದ, 2006ರ ಫೆಬ್ರವರಿಯಲ್ಲಿ ಸಹೋದ್ಯೋಗಿಗಳೇ ಶಸ್ತ್ರಕ್ರಿಯೆ ನಡೆಸಿದರು. ಅವರು 2008ರ ಜುಲೈವರೆಗೆ ಬದುಕಿದ್ದರು.

ಗೃಹಸ್ಥರು ತಿಳಿದಿರಬೇಕಾದುದೊಂದುಂಟು. ಈ ನೋವನ್ನು ಹೃದಯಾಘಾತವೆಂದೋ, ಕೆಲವು ಮನೆಗಳಲ್ಲಿ ವಾಯುವೆಂದೋ ಎಣಿಸುವರು. ಹೃದಯಾಘಾತಕ್ಕೆ ಕೊಡುವ ಹೆಪ್ಪು ಕರಗಿಸುವ ಮದ್ದು ಇಲ್ಲಿ ಪ್ರಾಣಕ್ಕೇ ಎರವಾಗಬಹುದು. ನೋವು ಮೆಲ್ಲಗೆ ಏರಿತೇ, ಮೊದಲ ಕ್ಷಣದಲ್ಲಿಯೇ ಸೀಳಿದಂತೆ ಬಂದಿತೇ, ಎದೆಯಿಂದ ಬೆನ್ನಿಗೆ ಸರಿಯಿತೇ, ರೋಗಿಯು ರಕ್ತದೊತ್ತಡದ ಗುಳಿಗೆಗಳನ್ನು ಬಿಟ್ಟಿದ್ದನೇ ಎಂಬುದನ್ನು ಜೊತೆಗೆ ಹೋದವರು ವೈದ್ಯರು ಕೇಳುವ ಮುನ್ನವೇ ಹೇಳಿಬಿಡಲಿ. ಎರಡು ತೋಳುಗಳಲ್ಲಿಯೂ ಒತ್ತಡವನ್ನು ಅಳೆದು ನೋಡಿ, ಸಂಶಯ ಬಂದೊಡನೆ ಸಿ.ಟಿ. ಚಿತ್ರವನ್ನು ತೆಗೆಯಿಸುವುದು ವೈದ್ಯರ ಕೆಲಸ.