ಒಳಗೆ ಬಂದವರು, ಹೊರಗೆ ಹೋದವರು

ರಾತ್ರಿ ಹೋಟೆಲಿನ ಬಾಗಿಲು ಮುಚ್ಚಿ, ಮೋರಿ ತೊಳೆದು, ಹಾಸಿಗೆ ಬಿಡಿಸಿದ ಮೇಲೆ ನಮ್ಮ ಹುಡುಗರು ಮಾಡುವ ಮೊದಲ ಕೆಲಸವೇನು? ಆಟ ನಡೆಯುವ ತಿಂಗಳುಗಳಲ್ಲಾದರೆ, ಒಂದೇ ಮೊಬೈಲಿನ ಸುತ್ತ ನಾಲ್ವರು ಕುಳಿತು ‘ಬಿಗ್ ಬಾಸ್’ ನೋಡುವುದು. ಈ ವಾರ ಯಾರು ಹೊರಗೆ ಎಂಬ ಚರ್ಚೆ ಮರುದಿನ ಹಿಟ್ಟು ರುಬ್ಬುವಾಗಲೂ ನಿಲ್ಲದು. ಇದನ್ನು ಹಳಿಯುವ ಹಿರಿಯರುಂಟು. ನಾವು ಹಳಿಯುವುದಿಲ್ಲ. ದಿನವಿಡೀ ದುಡಿದವನಿಗೆ ಒಂದು ತಾಸಿನ ವಿನೋದ ಬೇಡವೆನ್ನಲು ನಾವಾರು?

1999ರಲ್ಲಿ ಹಾಲೆಂಡಿನಲ್ಲಿ ಹುಟ್ಟಿದ ಈ ಆಟ 2013ರಲ್ಲಿ ಕನ್ನಡಕ್ಕೆ ಬಂದಿತು. ಆ ಮೊದಲ ಕನ್ನಡ ಮನೆ ಇದ್ದುದು ಬೆಂಗಳೂರಿನಲ್ಲಲ್ಲ, ನಮ್ಮ ಮುಂಬಯಿಗೆ ಸಮೀಪದ ಲೋಣಾವಳದಲ್ಲಿ! ಮನೆಯವರೇ ಕೆಲವರ ಹೆಸರು ಸೂಚಿಸುತ್ತಾರೆ, ಜನರು ಮತ ಹಾಕುತ್ತಾರೆ, ಕಡಿಮೆ ಮತ ಬಿದ್ದವರು ವಾರದ ಕೊನೆಗೆ ಹೊರಡುತ್ತಾರೆ. ಹೊರಡುವವನನ್ನು ಉಳಿದವರು ಅಪ್ಪಿಕೊಂಡು ಅಳುತ್ತಾರೆ. ವೇದಿಕೆಯ ಮೇಲೆ ಅವನನ್ನು ಕರೆದು ಮಾತನಾಡಿಸಿ, ಅವನು ಒಳಗೆ ಕಳೆದ ದಿನಗಳನ್ನೆಲ್ಲ ಮತ್ತೆ ತೋರಿಸುತ್ತಾರೆ.

ನಡುವೆ ಹೊಸಬರನ್ನೂ ಒಳಗೆ ಬಿಡುವುದುಂಟು. ಅದಕ್ಕೆ ‘ವೈಲ್ಡ್ ಕಾರ್ಡ್’ ಎಂದು ಹೆಸರು. ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರಿಗೆ ಇದೇನೂ ಹೊಸದಲ್ಲ. ಬೆಳಗಾಗುತ್ತಲೇ ಗೇಟಿನ ಮುಂದೆ ನಿಂತು, ಯಾರಾದರೂ ಗೈರುಹಾಜರಾದರೆ ಮಾತ್ರ ಒಳಗೆ ಹೋಗುತ್ತಿದ್ದ ‘ಬದಲಿ’ ಕಾಮಗಾರರು ಅವರು. ಹಾವೇರಿ ಜಿಲ್ಲೆಯ ಕುರಿಗಾಹಿ ಗಾಯಕ ಹನುಮಂತ 2024ರಲ್ಲಿ ಹೀಗೆ ನಡುವೆ ಹೊಕ್ಕು, 2025ರ ಜನವರಿಯಲ್ಲಿ ಗೆದ್ದಾಗ ನಮಗಾದ ಹಿಗ್ಗು ಸಣ್ಣದಲ್ಲ. ಬದಲಿಯವನೂ ಗೆಲ್ಲಬಲ್ಲನೆಂಬ ಹಿಗ್ಗು ಅದು. ಆದರೆ 1982ರ ಮುಷ್ಕರದ ಬಳಿಕ ಗೇಟಿನ ಹೊರಗೇ ಉಳಿದ ಸಾವಿರಾರು ಗಿರಣಿ ಕಾಮಗಾರರಿಗೆ ಯಾರೂ ವೇದಿಕೆ ಹಾಕಲಿಲ್ಲ.

ಕಳೆದ ವರ್ಷ ನಮ್ಮೂರ ಕಡೆಯ ಮಾಣಿಯೊಬ್ಬನನ್ನು ಅವನ ಹೋಟೆಲಿನಿಂದ ತೆಗೆದರು. ಆರು ವರ್ಷ ಕಪ್ಪುಬಸಿ ಎತ್ತಿದವನಿಗೆ ಸಿಕ್ಕ ಬೀಳ್ಕೊಡುಗೆ ಒಂದೇ ಮಾತು: “ನಾಳೆಯಿಂದ ಬರಬೇಡ.” ಕಾರಣ ಹೇಳಲಿಲ್ಲ. ಉಳಿದ ಪಗಾರಕ್ಕೆ ಒಂದು ತಿಂಗಳು ತಿರುಗಾಡಿಸಿದರು. ಅವನು ಅಲ್ಲಿ ದುಡಿದನೆಂಬುದಕ್ಕೆ ಒಂದು ಚೂರು ಕಾಗದವೂ ಇರಲಿಲ್ಲ. ಆಟದ ಮನೆಗೆ ಹೋಗುವವರೋ, ಕರಾರಿಗೆ ಸಹಿ ಹಾಕದೆ ಹೊಸಿಲು ದಾಟುವುದಿಲ್ಲ!

ಬಂಧುಗಳೇ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನಮಗೆ ಒಪ್ಪಿಗೆಯಾಗದ ಸಂಗತಿಗಳು ಹಲವಿರಬಹುದು. ಆದರೆ ಎರಡು ಮಾತುಗಳನ್ನು ನೆನಪಿಡಿ. ಕೆಲಸಕ್ಕೆ ಸೇರಿದವನಿಗೆ ನೇಮಕಾತಿ ಪತ್ರ ಕೊಡಬೇಕು. ಕೆಲಸದಿಂದ ತೆಗೆದರೂ, ತಾನಾಗಿ ಬಿಟ್ಟರೂ, ಕೆಲಸದ ಎರಡು ದಿನಗಳೊಳಗೆ ಪಗಾರ ಚುಕ್ತಾ ಮಾಡಬೇಕು. ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ನಿಯಮವಿರುವುದು ಆಟದ ಮನೆಯಲ್ಲಿ ಮಾತ್ರವಲ್ಲ, ನಮಗೂ ಇದೆ. ಕೇಳುವವರು ಬೇಕಷ್ಟೆ.

ಆಟವನ್ನು ಸಂತೋಷವಾಗಿ ನೋಡೋಣ. ಆದರೆ “ಈ ವಾರ ಯಾರು ಹೊರಗೆ?” ಎಂದು ಕೇಳುವ ಬಾಯಿ, ಗಲ್ಲೆಯ ಮುಂದೆ ನಿಂತು “ನನ್ನ ಪತ್ರವೆಲ್ಲಿ?” ಎಂದೂ ಕೇಳಲಿ. ಒಬ್ಬನೇ ಕೇಳಲು ಅಂಜಿಕೆಯಾದರೆ ಸಂಘದ ಕಚೇರಿಗೆ ಬನ್ನಿ. ಕೂಡಿ ಕೇಳೋಣ.