ಪುಸ್ತಕ ಮುಚ್ಚಿ ಓದುವ ವಿದ್ಯೆ

ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಏಪ್ರಿಲ್ ತಿಂಗಳೆಂದರೆ ಬೆವರಿನ ಕಾಲ. ದ್ವಿತೀಯ ಪಿ.ಯು.ಸಿ. ಮುಗಿಸಿದ ವಿದ್ಯಾರ್ಥಿಗಳಿಗಂತೂ ಬೆವರಲು ಇನ್ನೊಂದು ಕಾರಣವೂ ಉಂಟು. ೨೦೨೪ ಮತ್ತು ೨೦೨೫ರಲ್ಲಿ ಪಿ.ಯು. ಪರೀಕ್ಷೆಯು ಮಾರ್ಚ್ ತಿಂಗಳಲ್ಲಿ ನಡೆದು, ಸಿ.ಇ.ಟಿ. ಏಪ್ರಿಲ್ ತಿಂಗಳ ನಡುವಿನಲ್ಲಿಯೂ ನೀಟ್ ಮೇ ತಿಂಗಳ ಮೊದಲ ಭಾನುವಾರವೂ ಬಂದವು. ನಡುವೆ ದೊರೆಯುವುದು ಕೆಲವೇ ವಾರಗಳು. ಈ ವಾರಗಳನ್ನು ಹೇಗೆ ಕಳೆಯಬೇಕು?

ಅನುಕೂಲವಂತರ ಮಕ್ಕಳು ಮಂಗಳೂರು, ಹುಬ್ಬಳ್ಳಿಗಳ ತರಬೇತಿ ಕೇಂದ್ರಗಳಿಗೆ ಹೋಗುತ್ತಾರೆ. ಮೀನುಗಾರರ, ಅಡಿಕೆ ತೋಟದ ಕೂಲಿಗಳ, ಸಣ್ಣ ಅಂಗಡಿಕಾರರ ಮಕ್ಕಳು ಊರಿನಲ್ಲಿಯೇ ಉಳಿದು, ತಾವು ಆಗಲೇ ಹಿಂದೆ ಬಿದ್ದೆವೆಂದು ಅಳುಕುತ್ತಾರೆ. ಸರಕಾರಿ ಸೀಟು ದೊರೆಯದಿದ್ದರೆ ಓದನ್ನೇ ಬದಲಿಸಬೇಕಾದವರು ಇವರೇ. ಇವರ ಅಳುಕು ಸುಳ್ಳೆಂದು ನಾವು ಹೇಳಲಾರೆವು. ಆದರೆ ಕೊನೆಯ ವಾರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಸಾಧನವು ಹಣ ಕೊಟ್ಟು ಕೊಳ್ಳುವಂಥದಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ನಮ್ಮಲ್ಲಿ ಓದುವುದೆಂದರೆ ಪುಸ್ತಕವನ್ನು ಮತ್ತೆ ಮತ್ತೆ ತಿರುವುವುದೆಂದೇ ರೂಢಿ. ಮೂರನೆಯ ಸಲ ಓದಿದ ಪುಟವು ಪರಿಚಿತವಾಗಿ ಕಾಣುತ್ತದೆ; ಆ ಪರಿಚಯವನ್ನೇ ನಾವು ಜ್ಞಾನವೆಂದು ಭ್ರಮಿಸುತ್ತೇವೆ. ೨೦೦೬ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ಎಂಬುವರು ಇದನ್ನು ಒರೆಗೆ ಹಚ್ಚಿದರು. ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಓದಿಸಿ, ಕೆಲವರಿಂದ ಅದನ್ನೇ ಇನ್ನೊಮ್ಮೆ ಓದಿಸಿದರು. ಉಳಿದವರಿಂದ ಪುಟವನ್ನು ನೋಡದೆ ನೆನಪಿದ್ದಷ್ಟನ್ನು ಬರೆಯಿಸಿದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮರುಓದಿನವರೇ ಮುಂದು: ಅವರಿಗೆ ನೂರಕ್ಕೆ ೮೧, ಬರೆದವರಿಗೆ ೭೫. ಆದರೆ ಒಂದು ವಾರದ ಬಳಿಕ ಪರೀಕ್ಷಿಸಿದವರಲ್ಲಿ ತಕ್ಕಡಿ ತಿರುಗಿತ್ತು. ಮರುಓದಿನವರಿಗೆ ೪೨, ಬರೆದವರಿಗೆ ೫೬. ನೆನಪನ್ನು ಅಗೆದು ತೆಗೆಯುವ ಶ್ರಮವೇ ಅದನ್ನು ಗಟ್ಟಿಗೊಳಿಸುತ್ತದೆಂಬುದು ಇದರ ಸಾರ.

ನಮ್ಮ ಕರಾವಳಿಯವರಿಗೆ ಇದು ಹೊಸ ಮಾತಲ್ಲ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟವನ್ನು ನೋಡದವರು ಇಲ್ಲಿ ವಿರಳ. ಭಾಗವತರು ಪದ ಹಾಡಿದೊಡನೆ ವೇಷಧಾರಿಯು ಅರ್ಥವನ್ನು ತನ್ನದೇ ಮಾತಿನಲ್ಲಿ ಬಿಡಿಸಿ ಹೇಳಬೇಕು. ರಂಗದ ಮೇಲೆ ಅವನ ಕೈಯಲ್ಲಿ ಪುಸ್ತಕವಿಲ್ಲ; ಅವನ ಪ್ರಸಂಗಜ್ಞಾನವು ಆಡಿ ಆಡಿ ಗಟ್ಟಿಯಾದದ್ದು. ವಿದ್ಯಾರ್ಥಿಯೂ ಹೀಗೆಯೇ ಪುಸ್ತಕ ಮುಚ್ಚಿ, ಓಮನ ನಿಯಮವನ್ನೋ ಬೆಂಜೀನಿನ ರಚನೆಯನ್ನೋ ಎದುರಿಗಿರುವ ಗೆಳೆಯನಿಗೆ ಅರ್ಥ ಹೇಳಿ ನೋಡಲಿ. ಎಲ್ಲಿ ಮಾತು ತಡೆಯುತ್ತದೆಯೋ ಅಲ್ಲಿಯೇ ಅವನು ಮರಳಿ ಓದಬೇಕಾದ ಪುಟವಿದೆ.

ಎರಡನೆಯ ಸೂತ್ರವು ಬಿಡುವು ಕೊಟ್ಟು ಓದುವುದು. ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ನಡೆಸಿ ೧೮೮೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅರ್ಥವಿಲ್ಲದ ಅಕ್ಷರಮಾಲೆಯನ್ನು ಒಂದೇ ದಿನ ೬೮ ಸಲ ಓದಿದುದರ ಫಲವು ಮೂರು ದಿನಗಳಿಗೆ ಹಂಚಿ ೩೮ ಸಲ ಓದಿದುದರಿಂದಲೇ ದೊರೆಯಿತೆಂದು ತೋರಿಸಿದನು. ಆದುದರಿಂದ ಒಂದು ಅಧ್ಯಾಯಕ್ಕೆ ಇಡೀ ದಿನವನ್ನು ಕೊಡುವ ಬದಲು, ಇಂದು, ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಅದನ್ನು ಭೇಟಿಯಾಗುವುದು ಲೇಸು.

ಮೂರನೆಯದು ವಿಷಯಗಳನ್ನು ಬೆರೆಸುವುದು. ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಒಂದೊಂದೇ ಬಗೆಯಾಗಿ ಮಾಡಿದವರನ್ನೂ ಬೆರೆಸಿ ಮಾಡಿದವರನ್ನೂ ರೋರರ್ ಮತ್ತು ಟೇಲರ್ ೨೦೦೭ರಲ್ಲಿ ಹೋಲಿಸಿದರು. ಅಭ್ಯಾಸದ ವೇಳೆಯಲ್ಲಿ ಬೆರೆಸಿದವರು ಹೆಚ್ಚು ತಪ್ಪಿದರು. ವಾರದ ಬಳಿಕ ಅವರು ನೂರಕ್ಕೆ ೬೩ ಸರಿ ಮಾಡಿದರೆ ಉಳಿದವರು ೨೦ ಮಾತ್ರ. ಇದು ಸಹಜವೇ ಸರಿ. ಪರೀಕ್ಷೆಯಲ್ಲಿ ಪ್ರಶ್ನೆಯು ತನ್ನ ಅಧ್ಯಾಯದ ಹೆಸರನ್ನು ಹಣೆಯ ಮೇಲೆ ಬರೆದುಕೊಂಡು ಬರುವುದಿಲ್ಲವಷ್ಟೆ!

ಪರೀಕ್ಷೆಯ ಸ್ವರೂಪವನ್ನೂ ಅರಿತಿರಬೇಕು. ಸಿ.ಇ.ಟಿ.ಯಲ್ಲಿ ಪ್ರತಿ ವಿಷಯಕ್ಕೆ ೬೦ ಪ್ರಶ್ನೆಗಳು, ೮೦ ನಿಮಿಷಗಳು. ಅಂದರೆ ಒಂದು ಪ್ರಶ್ನೆಗೆ ೮೦ ಸೆಕೆಂಡುಗಳು. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಬಿಡತಕ್ಕದ್ದಲ್ಲ. ನೀಟಿನಲ್ಲಾದರೋ ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಅಲ್ಲಿ ಕುರುಡು ಊಹೆ ಸಲ್ಲದು. ಇವೆರಡನ್ನೂ ಗಡಿಯಾರವಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳಿಂದಲೇ ಅಭ್ಯಾಸ ಮಾಡಬೇಕು. ಸಿ.ಇ.ಟಿ.ಯ ಪತ್ರಿಕೆಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ.

ರಾತ್ರಿಯಿಡೀ ಎಚ್ಚರವಿರುವುದು ಮೇಳದವರಿಗೆ ಒಪ್ಪುತ್ತದೆ, ವಿದ್ಯಾರ್ಥಿಗಲ್ಲ. ಹಗಲು ಕಲಿತುದನ್ನು ಮಿದುಳು ನೆಲೆಗೊಳಿಸುವುದು ನಿದ್ರೆಯಲ್ಲಿ. ನಿದ್ರೆಯನ್ನು ಕದ್ದು ಓದಿದವನು ಬಿತ್ತಿದ ಗದ್ದೆಗೆ ನೀರು ತಪ್ಪಿಸಿದಂತೆ. ಸೆಕೆಯ ನಡುಹಗಲಿಗಿಂತ ನಸುಕಿನ ತಂಪು ಹೊತ್ತನ್ನೇ ಕಠಿಣ ವಿಷಯಗಳಿಗೆ ಮೀಸಲಿಡುವುದು ಉತ್ತಮ.

ಆದರೆ ಒಂದು ಮಾತು. ಎಂದೂ ಅರ್ಥವಾಗದ ಪಾಠವನ್ನು ನೆನಪಿನಿಂದ ಹೊರತೆಗೆಯಲು ಸಾಧ್ಯವಿಲ್ಲ. ಅಲ್ಲಿ ಅಧ್ಯಾಪಕರೇ ಬೇಕು. ಈ ಮೂರು ಊರುಗಳ ಕಾಲೇಜುಗಳು ರಜೆಯೆಂದು ಬಾಗಿಲು ಮುಚ್ಚದೆ, ಈ ಕೆಲವು ವಾರ ದಿನಕ್ಕೆ ಎರಡು ತಾಸು ಒಂದು ಕೋಣೆಯನ್ನು ತೆರೆದಿಡಲಿ. ಸರದಿಯ ಮೇಲೆ ಒಬ್ಬ ಅಧ್ಯಾಪಕರು ಸಂದೇಹ ಬಿಡಿಸಲು ಕುಳಿತಿರಲಿ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ದೂರದ ಊರಿನ ತರಬೇತಿಗೆ ಹೋಗಲಾರದ ಮಗುವಿಗೆ ನಾವು ಕೊಡಬಹುದಾದ ನ್ಯಾಯವು ಸದ್ಯಕ್ಕೆ ಇಷ್ಟಾದರೂ ಇದೆ. ಉಳಿದುದು ವಿದ್ಯಾರ್ಥಿಮಿತ್ರರ ಕೈಯಲ್ಲಿದೆ: ಇಂದು ಓದಿದ ಪುಟವನ್ನು ಮುಚ್ಚಿ, ಬಿಳಿಯ ಹಾಳೆಯೊಂದನ್ನು ಮುಂದಿಟ್ಟುಕೊಂಡು ಬರೆಯಲು ತೊಡಗಲಿ.